ಔರಂಗಾಬಾದಿನ ಟ್ರಂಕಿನಲ್ಲಿ ಮೈಸೂರಿನ ನಗು

ನಾಸಿಕ್‌ನ ನಮ್ಮ ಕನ್ನಡ ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಮೂರೇ ವಿಷಯ: ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದಾರೆಯೇ, ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ, ರಾಜ್ಯೋತ್ಸವಕ್ಕೆ ಚಂದಾ ಎಷ್ಟು. ಕಳೆದ ಮಳೆಗಾಲದಲ್ಲಿ ಒಂದು ದಿನ ಬೇರೆ ಥರದ ಸಂದೇಶ ಬಂತು. ‘ಸಂಭಾಜಿನಗರದಲ್ಲಿ ವಯಸ್ಸಾದ ಕನ್ನಡಿಗರೊಬ್ಬರ ಮನೆ ಮಾರಾಟವಾಗುತ್ತಿದೆ. ಅವರ ತಂದೆ ರೇಡಿಯೊಗೆ ಬರೆದ ಹಳೆಯ ನಗೆನಾಟಕಗಳ ಒಂದು ಟ್ರಂಕು ಇದೆ. ಕೈಬರಹದ ಕನ್ನಡ ಓದಬಲ್ಲವರು ಬೇಕು. ದೀಪಾವಳಿಯೊಳಗೆ ಆಗದಿದ್ದರೆ ರದ್ದಿಗೆ ಹೋಗುತ್ತದೆ.’

ಇಪ್ಪತ್ತೆರಡು ಜನ ಕೈಮುಗಿಯುವ ಚಿತ್ರ ಹಾಕಿದರು. ನಾನೂ ಹಾಕಿದೆ. ರಾತ್ರಿ ಮಲಗಿದ ಮೇಲೆ ನಿದ್ದೆ ಬರಲಿಲ್ಲ. ಆರು ವರ್ಷದ ಹಿಂದೆ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡುವಾಗ ನಮ್ಮಜ್ಜನ ದನಿ ಇದ್ದ ಹನ್ನೊಂದು ಕ್ಯಾಸೆಟ್‌ಗಳನ್ನು ‘ಪ್ಲೇಯರ್ರೇ ಇಲ್ಲ, ಇಟ್ಕೊಂಡು ಏನ್ ಮಾಡೋದು’ ಎಂದು ಗುಜರಿಯವನಿಗೆ ಕೊಟ್ಟವನು ನಾನೇ. ನನ್ನ ಎಂಟೆಕ್ ಪ್ರಬಂಧದ ವಿಷಯ, ನಗಬೇಡಿ, ಮಾತಿನ ಧ್ವನಿ ಸಂಸ್ಕರಣೆ. ಅಜ್ಜನ ದನಿಯನ್ನು ಗದ್ದಲದಿಂದ ಬೇರ್ಪಡಿಸುವ ಗಣಿತ ನನಗೆ ಗೊತ್ತಿತ್ತು. ಕ್ಯಾಸೆಟ್ ಮಾತ್ರ ಹೋಗಿತ್ತು.

ಬೆಳಗ್ಗೆ ಆ ಹಿರಿಯರಿಗೆ ಫೋನ್ ಮಾಡಿದೆ. ‘ಜೋರಾಗಿ ಹೇಳಿ, ಕಿವಿ ಕೇಳಿಸಲ್ಲ’ ಎಂದರು. ಎರಡನೆಯ ಮಾತು, ‘ನೀವು ಕನ್ನಡ ಓದ್ತೀರಾ, ಅಥವಾ ಬರೀ ಮಾತಾಡ್ತೀರಾ?’

ನಾಸಿಕ್ ರೋಡ್‌ನಿಂದ ತಪೋವನ ಎಕ್ಸ್‌ಪ್ರೆಸ್ ಹತ್ತಿದರೆ ಮನ್ಮಾಡ್ ಮೇಲೆ ಹಾದು ಸಂಭಾಜಿನಗರ. ರಸ್ತೆಯಲ್ಲಾದರೆ ಯೇವಲಾ, ವೈಜಾಪುರ. ಹತ್ತಿರಹತ್ತಿರ ಇನ್ನೂರು ಕಿಲೋಮೀಟರ್. ಊರಿನ ಹೆಸರು 2023ರಲ್ಲಿ ಬದಲಾಗಿ ಛತ್ರಪತಿ ಸಂಭಾಜಿನಗರವಾಯಿತು. ಆದರೆ ಅಲ್ಲಿ ಐವತ್ತು ವರ್ಷ ಕಳೆದ ಆ ಹಿರಿಯರು ಮಾತಿನಲ್ಲಿ ಔರಂಗಾಬಾದ್ ಎಂದೇ ಅನ್ನುತ್ತಾರೆ. ಬಾಯಿಗೆ ಅಂಟಿದ್ದು ಅಷ್ಟು ಬೇಗ ಬಿಡುವುದಿಲ್ಲ. ನಾನು ಹುಮನಾಬಾದ್ ಕಡೆಯವನು. ನಮ್ಮಮ್ಮ ಇನ್ನೂ ಕಲಬುರಗಿಗೆ ಗುಲ್ಬರ್ಗಾ ಅನ್ನುತ್ತಾಳೆ.

ಹೋಗುವ ಮುಂಚೆ ಸ್ವಲ್ಪ ಓದಿಕೊಂಡು ಹೋದೆ. ಓದಿದಾಗ ಒಂದು ವಿಷಯ ಖುಷಿ ಕೊಟ್ಟಿತು. ನನ್ನೂರು ಬೀದರ್ ಜಿಲ್ಲೆಗೂ ಔರಂಗಾಬಾದಿಗೂ ಒಂದು ಕಾಲದಲ್ಲಿ ಒಂದೇ ರೇಡಿಯೊ ಇತ್ತು. ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದವು. ಬೀದರ್, ಗುಲ್ಬರ್ಗಾ, ರಾಯಚೂರು ಕನ್ನಡದ ಕಡೆ; ಔರಂಗಾಬಾದ್, ಪರಭಣಿ, ನಾಂದೇಡ್, ಬೀಡ್, ಉಸ್ಮಾನಾಬಾದ್ ಮರಾಠಿಯ ಕಡೆ. 1935ರಲ್ಲಿ ನಿಜಾಮ್ ಸರ್ಕಾರ ಹೈದರಾಬಾದಿನ ರೇಡಿಯೊ ಕೇಂದ್ರವನ್ನು ವಹಿಸಿಕೊಂಡಿತು, ಮುಂದೆ ಔರಂಗಾಬಾದಿನಲ್ಲೂ ಒಂದು ಚಿಕ್ಕ ಕೇಂದ್ರ ನಡೆಸಿತು. ಹೆಸರು ಡೆಕ್ಕನ್ ರೇಡಿಯೊ. ಅದೇ 1935ರ ಸೆಪ್ಟೆಂಬರ್ 10ರಂದು ಅತ್ತ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್‌ನ ಪ್ರಸಾರ ಯಂತ್ರ ಇಟ್ಟುಕೊಂಡು ಬಾನುಲಿ ಶುರುಮಾಡಿದ್ದರು. 1950ರ ಏಪ್ರಿಲ್ 1ರಂದು ಮೈಸೂರು, ಹೈದರಾಬಾದ್, ಔರಂಗಾಬಾದ್, ತಿರುವನಂತಪುರ, ಈ ಸಂಸ್ಥಾನಗಳ ಕೇಂದ್ರಗಳೆಲ್ಲ ಒಂದೇ ದಿನ ಆಲ್ ಇಂಡಿಯಾ ರೇಡಿಯೊದ ತೆಕ್ಕೆಗೆ ಬಂದವು. ಮೈಸೂರಿನವರ ಕಾಗದ ಔರಂಗಾಬಾದಿನಲ್ಲಿ ಸಿಕ್ಕಿದ್ದು ಆಕಸ್ಮಿಕ, ಒಪ್ಪುತ್ತೇನೆ. ಆದರೆ ತೀರಾ ಅಪರಿಚಿತರ ಮನೆಗೆ ಬಂದು ಕೂತ ಕಾಗದವಲ್ಲ.

ಸಿಡ್ಕೊ ಬಡಾವಣೆಯ ಮೊದಲ ಮಹಡಿ. ಬಾಗಿಲು ತೆರೆದವರಿಗೆ ಎಂಬತ್ತನಾಲ್ಕು ವರ್ಷ. ಬ್ಯಾಂಕಿನ ಕೆಲಸದ ಮೇಲೆ 1972ರಲ್ಲಿ ಬಂದವರು ಇಲ್ಲೇ ನಿಂತರು. ಹೆಂಡತಿ ತೀರಿಕೊಂಡು ಮೂರು ವರ್ಷ. ಮಗ ಪುಣೆಗೆ ಕರೆದೊಯ್ಯುತ್ತಿದ್ದಾನೆ, ಅಲ್ಲಿನ ಫ್ಲ್ಯಾಟಿನಲ್ಲಿ ಇವರಿಗೆ ಒಂದು ಕೋಣೆ, ಒಂದು ಕಪಾಟು. ಮಗನ ಮೇಲೆ ನನಗೆ ಯಾವ ಕೋಪವೂ ಬರಲಿಲ್ಲ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಟ್ರಂಕಿನೊಳಗಿದ್ದದ್ದು ಅವನ ಪಾಲಿಗೆ ಹಳದಿ ಹಾಳೆ. ನನ್ನ ಮಗಳಿಗೆ ಈಗ ಐದು ವರ್ಷ, ನಾಸಿಕ್‌ನ ಶಾಲೆಯಲ್ಲಿ ಮರಾಠಿ ಬಾರಾಖಡಿ ಬರೆಯುತ್ತಾಳೆ.

ಟ್ರಂಕಿನಲ್ಲಿ ಅರವತ್ತಮೂರು ನಾಟಕಗಳಿದ್ದವು. 1943ರಿಂದ 1955ರವರೆಗಿನವು. ಕೆಲವು ಫೌಂಟನ್ ಪೆನ್ನಿನಲ್ಲಿ ಬರೆದವು, ಕೆಲವು ಕಾರ್ಬನ್ ಪ್ರತಿ. ಪ್ರತಿಯೊಂದನ್ನೂ ಗುಂಡುಸೂಜಿಯಿಂದ ಕಟ್ಟಿದ್ದರು, ಸೂಜಿ ತುಕ್ಕು ಹಿಡಿದು ಹಾಳೆಯ ಮೂಲೆ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಉದುರುವ ಸ್ಥಿತಿ. ಮೊದಲ ಎರಡು ಭಾನುವಾರ ಹೋದದ್ದು ಆ ಸೂಜಿಗಳನ್ನು ತೆಗೆಯುವುದರಲ್ಲೇ. ಹಾಳೆಯ ಒಂದೇ ಬದಿಗೆ ಬರಹ. ಯಾಕೆಂದು ಕೇಳಿದೆ. ‘ಮೈಕಿನ ಮುಂದೆ ಹಾಳೆ ತಿರುಗಿಸಿದರೆ ಸದ್ದು ಬರುತ್ತೆ, ಓದಿದ ಹಾಳೆಯನ್ನ ಮೆಲ್ಲಗೆ ಕೆಳಗೆ ಬಿಡಬೇಕು. ಅಪ್ಪ ಮನೇಲಿ ಅಮ್ಮನಿಗೆ ತೋರಿಸ್ತಿದ್ದರು’ ಎಂದರು. ಅಂಚಿನಲ್ಲಿ ಪೆನ್ಸಿಲಿನಿಂದ ನಿಮಿಷಗಳ ಲೆಕ್ಕ. ಹದಿನೈದು ನಿಮಿಷದ ನಾಟಕ ಹದಿನಾರು ಆಗುವಂತಿಲ್ಲ. ಒಂದು ಕಡೆ ನಾಲ್ಕು ಸಾಲು ಹೊಡೆದುಹಾಕಿ, ಪಕ್ಕದಲ್ಲಿ ‘ನಕ್ಕರೆ ಬಿಡಿ, ನಗದಿದ್ದರೆ ಓದಿ’ ಎಂದು ಬರೆದಿದ್ದರು. ಯಾರು ನಗಬೇಕಾದ್ದು? ಸ್ಟುಡಿಯೊದಲ್ಲಿ ಪ್ರೇಕ್ಷಕರು ಇರಲಿಲ್ಲ. ಜೊತೆಯ ನಟರು ನಕ್ಕು ಸಮಯ ಹಾಳುಮಾಡಿದರೆ ಎಂಬ ಅರ್ಥವಿರಬೇಕು ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ಆಗ ಎಲ್ಲವೂ ನೇರಪ್ರಸಾರ. ಧ್ವನಿಮುದ್ರಣ ಮಾಡುವುದು ದುಬಾರಿ ಬಾಬತ್ತು, ಟೇಪು ಬಳಕೆಗೆ ಬರುವುದಕ್ಕೆ ಇನ್ನೂ ಕಾಲ ಇತ್ತು. ಸಂಜೆ ಏಳೂಕಾಲಕ್ಕೆ ಆಡಿದ ನಾಟಕ ಏಳೂವರೆಗೆ ಇರುವುದಿಲ್ಲ. ಉಳಿದರೆ ಕಾಗದ ಉಳಿಯಬೇಕು, ಅದೂ ಬರೆದವನ ಮನೆಯಲ್ಲಿ ಹೆಂಡತಿಯೋ ಸೊಸೆಯೋ ಬಿಸಾಡದಿದ್ದರೆ.

ಇಲ್ಲಿ ನಾ. ಕಸ್ತೂರಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಹೊರನಾಡಿನಲ್ಲಿರುವ ನಮಗೆ ಅವರು ತುಂಬಾ ಹತ್ತಿರದವರಾಗಬೇಕು. ಹುಟ್ಟಿದ್ದು 1897ರಲ್ಲಿ, ಕೇರಳದ ತ್ರಿಪ್ಪೂಣಿತ್ತುರದಲ್ಲಿ, ಮನೆಮಾತು ಮಲಯಾಳಂ. ಮೇಷ್ಟ್ರ ಕೆಲಸಕ್ಕೆಂದು ಮೈಸೂರಿಗೆ ಬಂದರು, ಅಂದರೆ ನಮ್ಮ ಹಾಗೆ ಕೆಲಸ ಹುಡುಕಿ ಗಡಿ ದಾಟಿದವರು. ಕನ್ನಡ ಕಲಿತರು, ಎಷ್ಟು ಕಲಿತರೆಂದರೆ ಕನ್ನಡಿಗರಿಗೇ ಅವರ ಪದಗಳ ಒಳಮಡಿಕೆ ತೋರಿಸಿ ನಗಿಸುವಷ್ಟು. ‘ಅನರ್ಥಕೋಶ’ ಬರೆದವರು ಅವರೇ. ಮೈಸೂರಿನ ಆ ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರು ಹೊಳೆದದ್ದು ತನಗೆ ಎಂದು ಅವರು ಹೇಳಿಕೊಂಡಿದ್ದಾರೆ. ಮುಂದೆ ಅಲ್ಲೇ ಅಧಿಕಾರಿಯಾಗಿ ಕೆಲಸವನ್ನೂ ಮಾಡಿದರು. 1957ರಿಂದ ಇಡೀ ದೇಶದ ರೇಡಿಯೊ ಆ ಹೆಸರು ಹೊತ್ತುಕೊಂಡಿತು. ಬದುಕಿನ ಕೊನೆಯ ಭಾಗ ಪುಟ್ಟಪರ್ತಿಯಲ್ಲಿ ಕಳೆದದ್ದರಿಂದ ಈಗಿನವರಿಗೆ ಅವರು ಬೇರೆಯೇ ಕಾರಣಕ್ಕೆ ಗೊತ್ತು. ನಾನು ಹನ್ನೊಂದು ವರ್ಷದಿಂದ ಮಹಾರಾಷ್ಟ್ರದಲ್ಲಿದ್ದೇನೆ. ಮರಾಠಿಯಲ್ಲಿ ತರಕಾರಿ ಚೌಕಾಶಿ ಮಾಡಬಲ್ಲೆ, ಆಫೀಸಿನಲ್ಲಿ ಜಗಳವಾಡಬಲ್ಲೆ. ಒಬ್ಬನನ್ನೂ ನಗಿಸಿದ್ದು ನೆನಪಿಲ್ಲ.

ಟ್ರಂಕಿನ ನಾಟಕಗಳ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅರ್ಧಕ್ಕೂ ಹೆಚ್ಚು ಇವತ್ತು ನಗು ತರಿಸುವುದಿಲ್ಲ. ರೇಷನ್ ಅಕ್ಕಿಯ ಕಲ್ಲು, ಸೀಮೆಎಣ್ಣೆ, ವರದಕ್ಷಿಣೆಗೆ ಸೈಕಲ್ಲು ಕೇಳುವ ಅಳಿಯ, ಅಡುಗೆ ಕೆಡಿಸುವ ಹೊಸ ಹೆಂಡತಿ. ಹೊಸ ಹೆಂಡತಿಯ ಅಡುಗೆಯಂತೂ ಒಂಬತ್ತು ನಾಟಕಗಳಲ್ಲಿ ಕೆಟ್ಟಿದೆ. ಒಂದು ಮಾತ್ರ ನಾನು ರೈಲಿನಲ್ಲಿ ಓದುತ್ತಾ ನಕ್ಕು ಪಕ್ಕದವರು ತಿರುಗಿ ನೋಡಿದರು. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಬೇಕಿತ್ತು. ಲೈಸೆನ್ಸಿಲ್ಲದ ಯಜಮಾನರೊಬ್ಬರು ಇನ್‌ಸ್ಪೆಕ್ಟರ್ ಬಂದಾಗ ರೇಡಿಯೊವನ್ನು ದೇವರಮನೆಯಲ್ಲಿ ಬಚ್ಚಿಟ್ಟು ಬಟ್ಟೆ ಹೊದಿಸುತ್ತಾರೆ. ಅಷ್ಟರಲ್ಲಿ ಕೃಷಿರಂಗದ ಹೊತ್ತಾಗಿ ದೇವರು ಮೇವು ಕತ್ತರಿಸುವ ವಿಧಾನ ಹೇಳತೊಡಗುತ್ತಾನೆ. ಇನ್‌ಸ್ಪೆಕ್ಟರ್ ಕೈಮುಗಿದು ಕೇಳಿಸಿಕೊಂಡು ಪ್ರಸಾದ ಕೇಳುತ್ತಾನೆ. ಇದನ್ನು ರೇಡಿಯೊದಲ್ಲೇ ಆಡಿದರು ಎಂಬುದು ಅದರ ಅರ್ಧ ತಮಾಷೆ. ಕೇಳುತ್ತಿದ್ದವರಲ್ಲಿ ಎಷ್ಟು ಮಂದಿಗೆ ಲೈಸೆನ್ಸ್ ಇತ್ತೋ.

ನಗು ಹಳಸುವುದು ನಮ್ಮೊಬ್ಬರ ಕಷ್ಟವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಡೀ ಬ್ರಿಟನ್ ಕಿವಿಗೊಟ್ಟು ಕೇಳಿದ ಬಿಬಿಸಿಯ ‘ಇಟ್ಮಾ’ 1939ರಿಂದ 1949ರವರೆಗೆ ನಡೆಯಿತು, ಅದರ ನಟ ಟಾಮಿ ಹ್ಯಾಂಡ್ಲಿ ಸತ್ತಾಗಲೇ ನಿಂತಿತು. ಅದರ ವಾರವಾರದ ಚಟಾಕಿ ಇವತ್ತು ಅಡಿಟಿಪ್ಪಣಿ ಇಲ್ಲದೆ ಅರ್ಥವಾಗುವುದು ಕಷ್ಟ. ಆದರೂ ರೆಡಿಂಗ್ ಪಕ್ಕದ ಕ್ಯಾವರ್ಷಮ್‌ನಲ್ಲಿ ಬಿಬಿಸಿಯ ಲಿಖಿತ ದಾಖಲೆಗಳಿಗೇ ಒಂದು ಭಂಡಾರವಿದೆ. ಅಮೆರಿಕದ ರೇಡಿಯೊ ಹಾಸ್ಯಗಾರ ಫ್ರೆಡ್ ಆ್ಯಲನ್‌ರ ಕಾಗದಪತ್ರಗಳು ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಆತ 1954ರಲ್ಲಿ ಬರೆದ ಆತ್ಮಕಥೆಗೆ ಇಟ್ಟ ಹೆಸರಿನ ಅರ್ಥ ಸುಮಾರಾಗಿ ‘ಮರೆವಿನ ಕಡೆಗೆ ತುಳಿಯುವ ಗಾಣ’. ವಾರಕ್ಕೊಂದು ಬರೆದು ವಾರಕ್ಕೊಂದು ಕಳೆದುಕೊಂಡವನಿಗೆ ತಕ್ಕ ಹೆಸರು. ಅವನ ಬಳಿ ಚಟಾಕಿ ಬರೆಯುವ ನೌಕರಿಯಲ್ಲಿದ್ದ ಹುಡುಗ ಹರ್ಮನ್ ವೂಕ್ ಮುಂದೆ ದೊಡ್ಡ ಕಾದಂಬರಿಕಾರನಾದ. ನಮ್ಮಲ್ಲೂ ಅಚ್ಚಾದ ಹಾಸ್ಯ ಉಳಿದಿದೆ. ಡಾ. ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ಶುರುಮಾಡಿದ ‘ಕೊರವಂಜಿ’ಯ ಇಪ್ಪತ್ತೈದು ವರ್ಷದ ಸಂಚಿಕೆಗಳು ಡಿಜಿಟಲ್ ಆಗಿವೆ, ಆರ್.ಕೆ. ಲಕ್ಷ್ಮಣರ ಆರಂಭದ ಚಿತ್ರಗಳ ಸಮೇತ ನಾಸಿಕ್‌ನಲ್ಲಿ ಕೂತು ನೋಡಬಹುದು. ಅದೇ ಕಾಲದಲ್ಲಿ ಅದೇ ಊರುಗಳಲ್ಲಿ ಗಾಳಿಗೆ ಬಿಟ್ಟ ಹಾಸ್ಯಕ್ಕೆ ಆ ಅದೃಷ್ಟ ಇಲ್ಲ.

ಮರಾಠಿಯವರ ಮುಂದೆ ರೇಡಿಯೊ ಹಾಸ್ಯ ಎಂದರೆ ಸಾಕು, ಅರವತ್ತು ದಾಟಿದವರ ಮುಖ ಅರಳುತ್ತದೆ. ನಮ್ಮ ಸೊಸೈಟಿಯ ಕಾರ್ಯದರ್ಶಿಯವರಿಗೆ ಹೇಳಿದೆ. ತಕ್ಷಣ ‘ಟೇಕಾಡೆ ಭಾವೂಜಿ!’ ಎಂದರು. ಮುಂಬೈ ಆಕಾಶವಾಣಿಯ ‘ಪ್ರಪಂಚ’ದ ಪಾತ್ರ ಅದು, ನೀಲಂ ಪ್ರಭು ಮೀನಾ ವಹಿನಿಯಾಗಿ, ಬಾಳ ಕುಡತರಕರ್ ಜೊತೆಯಾಗಿ ಮನೆಮಾತಾದ ಕಾರ್ಯಕ್ರಮ. ಆಮೇಲೆ ಪು.ಲ. ದೇಶಪಾಂಡೆಯವರ ಸುದ್ದಿ. ಪು.ಲ. ಕೂಡ ಆಕಾಶವಾಣಿಯಲ್ಲಿದ್ದವರು, ಅದಕ್ಕೂ ಮೊದಲು ನಮ್ಮ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು. ‘ಹಾಗಾದರೆ ನಿಮ್ಮಲ್ಲಿ ಇಂಥವರು ಯಾರು?’ ಎಂದು ಅವರು ಕೇಳಿದಾಗ ನಾನು ಕಸ್ತೂರಿಯವರ ಹೆಸರು ಹೇಳಿದೆ. ‘ಒಂದು ಕೇಳಿಸಿ ನೋಡೋಣ’ ಎಂದರು. ಕೇಳಿಸಲು ನನ್ನ ಫೋನಿನಲ್ಲಿ ಏನೂ ಇರಲಿಲ್ಲ.

ಕೆಲಸಕ್ಕೆ ಬರುತ್ತೇನೆ. ಹಾಳೆಗಳನ್ನು 400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ, ಟಿಫ್ ಕಡತಗಳಾಗಿ. ಓಸಿಆರ್ ಬಗ್ಗೆ ನನಗೆ ಸ್ವಲ್ಪ ಗರ್ವವಿತ್ತು, ಒಂದು ವಾರಾಂತ್ಯದಲ್ಲಿ ಮುಗಿಸುತ್ತೇನೆ ಎಂದುಕೊಂಡಿದ್ದೆ. ಅಚ್ಚಾದ ಕನ್ನಡವನ್ನು ಟೆಸರ್ಯಾಕ್ಟ್ ತಕ್ಕಮಟ್ಟಿಗೆ ಓದುತ್ತದೆ. ಕೈಬರಹ ಕೊಟ್ಟರೆ, ಅದರಲ್ಲೂ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದು ಅಲ್ಲಿನ ತಲೆಕಟ್ಟಿಗೆ ತಗುಲಿದರೆ, ಅದು ಏನೇನೋ ಹೇಳುತ್ತದೆ. ‘ಅಯ್ಯೋ ರಾಮ’ ಎಂಬುದನ್ನು ‘ಆಯೋಗಮ’ ಎಂದು ಓದಿತು. ಕೊನೆಗೆ ಬೆರಳಚ್ಚೇ ಗತಿ. ರಾತ್ರಿ ಮಗಳು ಮಲಗಿದ ಮೇಲೆ ದಿನಕ್ಕೆ ನಾಲ್ಕು ಹಾಳೆ. ಅನುಮಾನ ಬಂದ ಪದಕ್ಕೆ ಹಳದಿ ಬಣ್ಣ ಹಚ್ಚಿ, ಭಾನುವಾರ ಹೋಗಿ ಅವರನ್ನು ಕೇಳುವುದು.

ಕೇಳುವುದೆಂದರೆ ಕೂಗುವುದು. ಕಿವಿಯಂತ್ರ ಹಾಕಿಕೊಂಡರೂ ಅವರಿಗೆ ಗಂಡಸಿನ ದನಿ ಅಷ್ಟಾಗಿ ತಿಳಿಯದು. ನಾನು ಓದುತ್ತಿದ್ದೆ, ಅವರು ನನ್ನ ತುಟಿ ನೋಡುತ್ತಿದ್ದರು. ಹೀಗೆ ನಲವತ್ತೊಂದನೆಯ ನಾಟಕಕ್ಕೆ ಬಂದೆವು. 1951ರದ್ದು. ಮನೆಯ ಅಜ್ಜಿಯನ್ನು ಮದುವೆಯ ದಲ್ಲಾಳಿ, ಹಾಲಿನವಳು, ಮನೆ ಮಾಲೀಕ ಒಬ್ಬೊಬ್ಬರಾಗಿ ಬಂದು ಏನೇನೋ ಕೇಳುತ್ತಾರೆ. ಅಜ್ಜಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಕಾಗದದ ಮೇಲೆ ಅವಳ ಪಾತ್ರದ ಮುಂದೆ ಹನ್ನೊಂದು ಸಲ (ಕೆಮ್ಮು) ಎಂದಷ್ಟೇ ಇದೆ. ನನಗೆ ಇದರಲ್ಲಿ ಏನೂ ಕಾಣಲಿಲ್ಲ. ಪಟ್ಟಿಯಲ್ಲಿ ‘ದುರ್ಬಲ’ ಎಂದು ಬರೆದುಕೊಂಡೆ ಕೂಡ.

ಅವರು ಹಾಳೆಯನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಸರಿಮಾಡಿಕೊಂಡು, ಕೆಮ್ಮಿದರು. ದಲ್ಲಾಳಿಗೆ ಕೆಮ್ಮಿದ್ದು ಒಂದು ಬಗೆ: ಗಂಡು ಬೇಡ ಎಂದು. ಹಾಲಿನವಳಿಗೆ ಕೆಮ್ಮಿದ್ದು ಇನ್ನೊಂದು, ಹಾಲಿಗೆ ನೀರು ಹಾಕಿದ್ದು ಗೊತ್ತು ಎಂದು. ಮಾಲೀಕನಿಗೆ ಉದ್ದಕ್ಕೆ, ಮಧ್ಯದಲ್ಲಿ ಉಸಿರು ಕಟ್ಟಿ, ಬಾಡಿಗೆ ಕೇಳಲು ಬಂದವನೇ ನೀರು ತರಲು ಓಡುವ ಹಾಗೆ. ಹನ್ನೊಂದೂ ಬೇರೆಬೇರೆ. ಅಪ್ಪ ಅಭ್ಯಾಸ ಮಾಡುತ್ತಿದ್ದುದನ್ನು ಕೇಳಿ ಕಲಿತದ್ದಂತೆ, ಎಪ್ಪತ್ತು ವರ್ಷದ ಮೇಲೆ ಹಾಗೇ ಇತ್ತು. ನನಗೆ ನಕ್ಕು ಹೊಟ್ಟೆ ಹಿಡಿಯಿತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಾಲ್ಕು ನಿಮಿಷ ಹತ್ತು ಸೆಕೆಂಡು. ಸಿಕ್ಕಿತು, ಸೊಸೈಟಿಯ ಕಾರ್ಯದರ್ಶಿಗೆ ಇದನ್ನೇ ಕೇಳಿಸಬೇಕು ಎಂದುಕೊಂಡೆ.

ಮಧ್ಯಾಹ್ನ ಚಹಾ ಕುಡಿಯುವಾಗ ಅವರು ತಾವಾಗಿಯೇ ಹೇಳಿದರು. ಆ ಕೆಮ್ಮು ಅವರ ಸೋದರತ್ತೆಯದು. ಹದಿನೇಳಕ್ಕೆ ವಿಧವೆಯಾಗಿ ತಲೆ ಬೋಳಿಸಿಕೊಂಡು ತಮ್ಮನ ಮನೆಯ ಅಡುಗೆ ಹೊತ್ತವರು. ಸೌದೆ ಒಲೆಯ ಹೊಗೆಗೆ ಗೂರಲು ಹತ್ತಿತ್ತು. ಯಾರಾದರೂ ಏನಾದರೂ ಕೇಳಿದರೆ ಉತ್ತರಕ್ಕೆ ಮುಂಚೆ ಕೆಮ್ಮು ಬರುತ್ತಿತ್ತು. ಮನೆಯಲ್ಲಿ ರೇಡಿಯೊ ಇರಲಿಲ್ಲ. ಎದುರುಮನೆ ವಕೀಲರ ಜಗಲಿಯಲ್ಲಿ ಬೀದಿಯವರೆಲ್ಲ ಸೇರಿ ಕೇಳುವುದು. ತಮ್ಮನ ನಾಟಕ ಇದೆಯೆಂದು ಅತ್ತೆಯೂ ಅಂದು ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತಿದ್ದರು. ಎರಡನೆಯ ಕೆಮ್ಮಿಗೇ ಜನರಿಗೆ ಗೊತ್ತಾಯಿತು. ಎಲ್ಲರೂ ಅತ್ತ ತಿರುಗಿ ನೋಡಿ ನೋಡಿ ನಕ್ಕರು.

‘ನನಗೆ ಹತ್ತು ವರ್ಷ. ನಾನೂ ನಕ್ಕೆ’ ಎಂದರು. ಆಮೇಲೆ ಅತ್ತೆ ಜನರ ಮುಂದೆ ಕೆಮ್ಮಲಿಲ್ಲವಂತೆ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ತಮ್ಮನಿಗೆ ಬಡಿಸುವುದನ್ನು ಬಿಡಲಿಲ್ಲ, ಮಾತು ಬಿಟ್ಟರು. ನಾಲ್ಕು ವರ್ಷದ ಮೇಲೆ ತೀರಿಕೊಂಡರು. ಅದೇ ವರ್ಷ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು, ಅಪ್ಪ ಬರೆಯುವುದನ್ನು ನಿಲ್ಲಿಸಿದರು. ಕೇಂದ್ರ ಹೋದದ್ದಕ್ಕೆ ನಿಲ್ಲಿಸಿದರೆಂದು ಎಲ್ಲರೂ ತಿಳಿದರು.

ಅವರು ನಲವತ್ತೊಂದನೆಯ ಕಟ್ಟನ್ನು ತೆಗೆದು ತಮ್ಮ ಅಂಗಿಯ ಜೇಬಿಗೆ ಮಡಚಿ ಇಟ್ಟುಕೊಂಡರು. ‘ಇದು ಬೇಡ.’

ನಾನು ವಾದ ಮಾಡಿದೆ, ನಾಚಿಕೆಯಿಂದ ಹೇಳುತ್ತೇನೆ. ಇರುವುದರಲ್ಲೇ ಒಳ್ಳೆಯದು ಇದು ಎಂದೆ. ಅತ್ತೆಯ ಹೆಸರು ಎಲ್ಲೂ ಇಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದೆ. ಒಳ್ಳೆಯದು ಕೆಟ್ಟದ್ದು ಎಂದು ಆರಿಸಿ ಇಡುವುದು ಸಂಗ್ರಹವಾಗುವುದಿಲ್ಲ ಎಂದು ಎಲ್ಲೋ ಓದಿದ್ದನ್ನೂ ಹೇಳಿದೆ. ಅವರು ಕಿವಿಯಂತ್ರ ತೆಗೆದು ಮೇಜಿನ ಮೇಲಿಟ್ಟರು. ವಾದ ಅಲ್ಲಿಗೆ ಮುಗಿಯಿತು.

ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆದಾಗ ನೆನಪಾಯಿತು, ಆ ನಾಟಕ ಆಗಲೇ ಸ್ಕ್ಯಾನ್ ಆಗಿದೆ. ವೃತ್ತಿಯ ಅಭ್ಯಾಸ, ಮೂರು ಕಡೆ ಪ್ರತಿ ಇಟ್ಟಿದ್ದೆ. ಫೋನಿನಲ್ಲಿ ಕೆಮ್ಮೂ ಇತ್ತು. ಕಾನೂನು ನೋಡಿದೆ. ನಮ್ಮಲ್ಲಿ ಲೇಖಕ ತೀರಿಕೊಂಡ ನಂತರದ ವರ್ಷದಿಂದ ಅರವತ್ತು ವರ್ಷ ಹಕ್ಕುಸ್ವಾಮ್ಯ. ಇವರ ತಂದೆ ತೀರಿಕೊಂಡದ್ದು 1979. ಅಂದರೆ 2039ರ ಕೊನೆಯವರೆಗೆ ವಾರಸುದಾರರ ಮಾತೇ ಅಂತಿಮ. ಕಾನೂನು ಸುಲಭವಾಗಿಯೇ ಇತ್ತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಮನ್ಮಾಡ್‌ವರೆಗೆ ಕೂತಿದ್ದೆ. ಹನ್ನೊಂದು ಕ್ಯಾಸೆಟ್ ಕೊಟ್ಟ ಕೈ ಅದು, ಒತ್ತಲಾಗಲಿಲ್ಲ.

ಮುಂದಿನ ಭಾನುವಾರ ಇರುವುದನ್ನು ಇರುವ ಹಾಗೆ ಹೇಳಿದೆ: ಮೂರು ಪ್ರತಿ ಇವೆ, ನಿಮ್ಮ ದನಿಯೂ ಇದೆ, ಅಳಿಸು ಎಂದರೆ ನಿಮ್ಮ ಕಣ್ಣೆದುರೇ ಅಳಿಸುತ್ತೇನೆ. ದೊಡ್ಡ ಭಂಡಾರಗಳಲ್ಲಿ ಇಂಥ ಕಾಗದವನ್ನು ಇಂತಿಷ್ಟು ವರ್ಷ ಯಾರೂ ತೆರೆಯಬಾರದು ಎಂದು ಮುದ್ರೆ ಹಾಕಿಡುವ ಪದ್ಧತಿ ಇದೆ ಎಂಬುದನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘2039ಕ್ಕೆ ನನಗೆ ತೊಂಬತ್ತೆಂಟು. ಅಲ್ಲೀತನಕ ಇರಲಿ. ಆಮೇಲೆ ಮೊಮ್ಮಗಳನ್ನ ಕೇಳಿ, ಹೆಣ್ಣುಮಗಳು ಹೇಳಲಿ’ ಎಂದರು. ಮೊಮ್ಮಗಳಿಗೆ ಈಗ ಹದಿನಾಲ್ಕು, ಪುಣೆಯಲ್ಲಿ ಓದುತ್ತಿದ್ದಾಳೆ. ಅವಳಿಗೆ ಕನ್ನಡ ಬರುವುದಿಲ್ಲ. ಭಾನುವಾರ ಸಂಜೆ ಅರ್ಧ ಗಂಟೆ ವಿಡಿಯೊ ಕರೆಯಲ್ಲಿ ಅಕ್ಷರ ಹೇಳಿಕೊಡಲು ಒಪ್ಪಿದ್ದೇನೆ. ನನ್ನ ಮಗಳೂ ಪಕ್ಕದಲ್ಲಿ ಕೂರುತ್ತಾಳೆ, ಇಬ್ಬರೂ ‘ಠ’ಗೆ ಬಂದಿದ್ದಾರೆ.

ಉಳಿದ ಅರವತ್ತೆರಡು ನಾಟಕಗಳು ಅವರ ಒಪ್ಪಿಗೆಪತ್ರದೊಂದಿಗೆ ತಯಾರಾಗುತ್ತಿವೆ. ಕನ್ನಡ ಪುಸ್ತಕಗಳನ್ನು ಡಿಜಿಟಲೀಕರಿಸುವ ‘ಸಂಚಯ’ದಂಥ ಬಳಗಗಳು ಬೆಂಗಳೂರಿನಲ್ಲಿವೆ, ಅಂಥ ಕಡೆ ಕೇಳಬೇಕು. ಮೂಲ ಹಾಳೆಗಳನ್ನು ಮೈಸೂರಿನಲ್ಲೇ ಎಲ್ಲಾದರೂ ಇಡಬೇಕೆಂಬುದು ಅವರ ಆಸೆ. ಹೊರನಾಡಿನಲ್ಲಿರುವ ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇಂಥ ಕಟ್ಟು ಇದ್ದರೆ ಮೊದಲು ಗುಂಡುಸೂಜಿ ತೆಗೆಯಿರಿ, ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ತುಂಬಬೇಡಿ, ಒಳಗೆ ಬೆವರುತ್ತದೆ.

ನನ್ನ ಪಟ್ಟಿಯಲ್ಲಿ ಈಗ 40 ಆದ ಮೇಲೆ 41ರ ಸಾಲು ಇದೆ. ಹೆಸರಿನ ಅಂಕಣ ಖಾಲಿ, ಹಾಳೆಗಳ ಅಂಕಣದಲ್ಲಿ ಒಂಬತ್ತು, ಷರಾದಲ್ಲಿ 2039. ‘ದುರ್ಬಲ’ ಎಂದು ಬರೆದಿದ್ದನ್ನು ಅಳಿಸಿದೆ. ಮನೆಯ ನೋಂದಣಿ ನವೆಂಬರಿಗೆ ಮುಂದೆ ಹೋಗಿದೆಯಂತೆ, ಇನ್ನೂ ಹದಿನೆಂಟು ನಾಟಕ ಓದಿ ಕೇಳಿಸುವುದಿದೆ. ನಿನ್ನೆ ಫೋನ್ ಮಾಡಿ, ಬರುವಾಗ ಕಿವಿಯಂತ್ರದ ಬ್ಯಾಟರಿ ತನ್ನಿ, ಹದಿಮೂರನೇ ನಂಬರಿನದು, ಇಲ್ಲಿ ಸಿಗುತ್ತಿಲ್ಲ ಎಂದರು.